ಹಗಲಲ್ಲಿ ಓಡಾಡುವ ದೊರೆ

ಒಂದು ಟೋಪಿಗೆ ಎಷ್ಟು ತೂಕವಿದ್ದೀತು? ಕಣ್ಣಿಗೆ ಹಚ್ಚುವ ಚಿಟಿಕೆ ಸುರ್ಮಾಕ್ಕೆ? ಹೇಳಿಬಿಡುವುದೇ ಸರಿಯೇನೋ. ಹೇಳಿದರೆ ಇವನಿಗೆ ಕೋಪ ಬರುವುದಿಲ್ಲ, ಅಷ್ಟಂತೂ ಗೊತ್ತು. ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಬಾಯ್ತುಂಬ ನಕ್ಕು, ‘ಅಷ್ಟೇನೇನೋ? ತೊಟ್ಕೊಂತೀನಿ ಬುಡು’ ಎಂದುಬಿಡುತ್ತಾನೆ. ಹೆದರಿಕೆಯಿದ್ದದ್ದು ಆ ನಗುವಿನದೇ. ಬೈಯುವ ಗೆಳೆಯನಾಗಿದ್ದರೆ ಹೇಗೋ ಹೇಳಬಹುದಿತ್ತು. ಒಪ್ಪಿಕೊಂಡುಬಿಡುವವನಿಗೆ ಹೇಗೆ ಹೇಳುವುದು?

ಗುಬ್ಬಿಯಿಂದ ತುಮಕೂರಿಗೆ ಬರುವ ಹೆದ್ದಾರಿಯಲ್ಲಿ ಶಾಬಾಜ್ ಬೈಕು ಓಡಿಸುತ್ತಿದ್ದ. ಹಿಂದೆ ಕೂತ ಭಾನುಪ್ರಕಾಶ್ ಅವನ ಕುತ್ತಿಗೆಯನ್ನೇ ನೋಡುತ್ತಿದ್ದ. ವೆಲ್ಡಿಂಗ್ ಕಿಡಿ ಹಾರಿ ಆದ ಸಣ್ಣ ಕಲೆಗಳು ಅಲ್ಲಿ ಕಾಳು ಚೆಲ್ಲಿದಂತೆ ಹರಡಿದ್ದವು.

“ಏನ್ಲಾ ಅಂದ ಆ ಮನುಷ್ಯ? ಹೇಳೋ!” ಗಾಳಿಯನ್ನು ಮೀರಿಸಿ ಶಾಬಾಜ್ ಕೂಗಿದ.

“ಮನೆಗೋಗಿ ಹೇಳ್ತೀನಿ, ಓಡ್ಸು.”

“ಒಪ್ಪುದ್ನೋ ಇಲ್ವೋ ಅಷ್ಟ್ ಹೇಳು. ಇಲ್ಲಾಂದ್ರೆ ಆ ಲಾರಿಗೆ ಗುದ್ದುಬುಡ್ತೀನಿ ನೋಡು.”

ಪಿಯುಸಿಯಿಂದಲೂ ಇಬ್ಬರದೂ ಒಂದೇ ಬೆಂಚು. ಭಾನು ಚರಿತ್ರೆಯಲ್ಲಿ ಎಂ.ಎ. ಮಾಡಿ, ತುಮಕೂರಿನ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತ ಕೂತಿದ್ದ. ಶಾಬಾಜ್ ಸತ್ಯಮಂಗಲದಲ್ಲಿ ತಂದೆಯ ಶೆಡ್ಡಿನಲ್ಲಿ ಕಿಟಕಿ ಗ್ರಿಲ್ಲು, ಗೇಟುಗಳಿಗೆ ಬೆಸುಗೆ ಹಾಕುತ್ತಿದ್ದ. ಇಬ್ಬರೂ ಸೇರಿ ಭಾನುವಾರಗಳನ್ನೆಲ್ಲ ಸುರಿದು ಒಂದು ಸಿನಿಮಾ ಮಾಡಿದ್ದರು. ಗೆಳೆಯರು ಅದನ್ನು ‘ವ್ಯಾಂಪೈರ್ ಪಿಕ್ಚರ್’ ಎನ್ನುತ್ತಿದ್ದರು, ಅರ್ಧ ಗೇಲಿಯಿಂದ, ಅರ್ಧ ಹೊಟ್ಟೆಕಿಚ್ಚಿನಿಂದ.

ಲೋಕ ಮುಳುಗಿಹೋದ ಮೇಲಿನ ಕತೆ ಅದು. ಊರುಗಳು ಪಾಳು ಬಿದ್ದಿವೆ. ಅಲ್ಲಲ್ಲಿ ಉಳಿದ ಮನುಷ್ಯರನ್ನು ರಕ್ತ ಕುಡಿಯುವ ವ್ಯಾಂಪೈರ್‌ಗಳು ಬೇಟೆಯಾಡುತ್ತಿವೆ. ವ್ಯಾಂಪೈರ್ ಎಂದರೆ ಬಿಸಿಲಿಗೆ ಸುಟ್ಟುಹೋಗಬೇಕು, ರಾತ್ರಿಯಷ್ಟೇ ಹೊರಬೀಳಬೇಕು. ಆದರೆ ರಾತ್ರಿ ಶೂಟಿಂಗಿಗೆ ಲೈಟು ಬೇಕು, ಜನರೇಟರ್ ಬೇಕು. ಅವು ಯಾವುವೂ ಇಲ್ಲದ್ದರಿಂದ ಇವರ ವ್ಯಾಂಪೈರ್‌ಗಳು ಮಟಮಟ ಮಧ್ಯಾಹ್ನವೇ ಓಡಾಡುತ್ತಿದ್ದವು. ಅವು ಬಿಸಿಲನ್ನೂ ಗೆದ್ದುಬಿಟ್ಟ ಮೇಲೆಯೇ ಲೋಕ ಮುಳುಗಿದ್ದು ಎಂದು ಭಾನು ಕತೆಗೆ ತೇಪೆ ಹಾಕಿದ್ದ. ನೋಡನೋಡುತ್ತ ಆ ತೇಪೆಯೇ ಸಿನಿಮಾದಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವ ಸಂಗತಿಯಾಯಿತು. ಓಡಿಹೋಗಿ ಅಡಗಲು ಹಗಲು ಕೂಡ ಇಲ್ಲದ ಜನ.

ಅವುಗಳ ದೊರೆ ಶಾಬಾಜ್. ಮುಖಕ್ಕೆ ಬೂದಿಬಣ್ಣ, ಬೋಳುಹಣೆ, ತಗಡು ಕತ್ತರಿಸಿ ತಾನೇ ಬೆಸೆದುಕೊಂಡ ಎದೆಕವಚ, ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಗೆಳೆಯ ಅಚ್ಚು ತೆಗೆದುಕೊಟ್ಟ ಎರಡು ಕೋರೆಹಲ್ಲು. ಅವನನ್ನು ಕೊಲ್ಲುವವಳು ತೇಜಸ್ವಿನಿ. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ಈಗ ಒಂದು ಶಾಲೆಯಲ್ಲಿ ಪಿ.ಟಿ. ಮೇಡಮ್ಮು. ತೆಂಗಿನಕಾಯಿ ಸುಲಿಯುವ ಕಬ್ಬಿಣದ ಮೊನೆಯನ್ನು ಅವಳು ಅವನ ಎದೆಗೆ ಇಳಿಸುವಲ್ಲಿಗೆ ಕತೆ ಮುಗಿಯುತ್ತಿತ್ತು.

ಮುಗಿದ ಸಿನಿಮಾವನ್ನು ಯೂಟ್ಯೂಬಿಗೆ ಹಾಕೋಣವೆಂದು ಭಾನು ಒಮ್ಮೆ ಅಂದಿದ್ದ. ಶಾಬಾಜ್‌ಗೆ ಉರಿದುಹೋಗಿತ್ತು. “ಅಂಗೈಲಿ ಇಟ್ಕಂಡ್ ನೋಡಕ್ಕೇನೋ ನಾನ್ ಇಷ್ಟ್ ಕುಣಿದಿದ್ದು? ಪರ್ದೆ ಮೇಲೆ ಬರ್ಬೇಕು ಕಣೋ. ನನ್ ಮೂಗು ನಮ್ಮನೆ ಬಾಗ್ಲಷ್ಟ್ ಆಗ್ಬೇಕು. ನಮ್ಮಪ್ಪ ನೋಡ್ಬೇಕು.”

ಆ ಪರದೆಯಿದ್ದದ್ದು ಗುಬ್ಬಿಯಲ್ಲಿ, ಚನ್ನವೀರಯ್ಯನ ಟಾಕೀಸಿನಲ್ಲಿ. ತುಮಕೂರಿನಲ್ಲಿ ಸಿನಿಮಾವನ್ನು ಯಾರೂ ಕಣ್ಣೆತ್ತಿಯೂ ನೋಡಿರಲಿಲ್ಲ. ಚನ್ನವೀರಯ್ಯ ಪೂರಾ ನೋಡಿದ್ದ. ಈ ಬೆಳಿಗ್ಗೆ ಭಾನುವನ್ನು ಟಾಕೀಸಿನ ಮೇಲಿನ ಆಫೀಸಿಗೆ ಕರೆದು, ಇಡ್ಲಿ ತರಿಸಿಕೊಟ್ಟು, ಮನೆಯವರ ಕ್ಷೇಮ ಕೇಳಿ, ಆಮೇಲೆ ನಿಧಾನಕ್ಕೆ ಮಾತು ತೆಗೆದಿದ್ದ. ಶಾಬಾಜ್ ಕೆಳಗೆ ಟೀ ಅಂಗಡಿಯಲ್ಲಿ ಕಾಯುತ್ತಿದ್ದ.

“ಚೆನ್ನಾಗಿದೆ ಕಣಯ್ಯ. ಒಂದು ವಾರ ಓಡಿಸ್ತೀನಿ. ಆದ್ರೆ ಆ ದೊರೆ ಇದಾನಲ್ಲ, ಅವನು ಯಾರು ಎತ್ತ ಅಂತ ಜನಕ್ಕೆ ಗೊತ್ತಾಗಲ್ಲ. ಗೊತ್ತಾಗದೆ ಇದ್ರೆ ಸಿಟ್ಟು ಎಲ್ಲಿಂದ ಬರುತ್ತೆ? ಒಂದು ಟೋಪಿ, ಕಣ್ಣಿಗಿಷ್ಟು ಸುರ್ಮಾ. ಅವರ ಭಾಷೇಲಿ ಎರಡು ಮಾತು ಆಡ್ಸು. ಅಷ್ಟೇ. ಶಿಳ್ಳೆ ಬೀಳದೆ ಇದ್ರೆ ಕೇಳು. ಹುಡುಗ ಹೇಗೂ ಅವರವನೇ ಅಲ್ವಾ?”

ಅವನ ದನಿಯಲ್ಲಿ ದ್ವೇಷದ ಸುಳಿವೇ ಇರಲಿಲ್ಲ. ಸಾರಿಗೆ ಉಪ್ಪು ಕಡಿಮೆಯೆಂದು ಹೇಳುವವನ ಹಾಗೆ ಹೇಳಿದ್ದ. ಭಾನು ಇಡ್ಲಿ ಮುರಿಯುತ್ತ ಕೂತೇ ಇದ್ದ. ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಕೈ ತೊಳೆದು ಮೆಟ್ಟಿಲಿಳಿದು ಬಂದಿದ್ದ.

ತುಮಕೂರಿನ ಕಟ್ಟಡಗಳು ಕಾಣತೊಡಗಿದವು. ಶಾಬಾಜ್ ಮತ್ತೆ ತಲೆ ತಿರುಗಿಸಿದ. ಏನಾದರೊಂದು ಹೇಳಲೇಬೇಕಿತ್ತು.

“ಕ್ಲೈಮಾಕ್ಸ್ ಸರಿ ಇಲ್ವಂತೆ,” ಎಂದ ಭಾನು.

ಬೈಕು ಗಕ್ಕನೆ ನಿಂತಿತು. ಶಾಬಾಜ್ ಹೆಲ್ಮೆಟ್ಟು ತೆಗೆದು ಟ್ಯಾಂಕಿನ ಮೇಲಿಟ್ಟ. ಮುಖ ಬಾಡಿತ್ತೆಂದುಕೊಂಡರೆ, ಇಲ್ಲ, ಕಣ್ಣಲ್ಲಿ ಬೆಂಕಿಯಿತ್ತು. “ಅಷ್ಟೇ ತಾನೆ? ಇನ್ನೊಂದ್ ಕ್ಲೈಮಾಕ್ಸ್ ತೆಗೀತೀವಿ. ಅವನ್ ಕುರ್ಚಿ ಬುಟ್ಟು ಎದ್ದು ನಿಲ್ಬೇಕು, ಅಂಥದ್ದು. ಹುತ್ರಿದುರ್ಗಕ್ಕೆ ಹೋಗಣ. ಕೋಟೆ ಐತೆ, ಬಂಡೆ ಐತೆ, ಪುಕ್ಸಟ್ಟೆ ಸೆಟ್ಟು. ಬೈಕ್ ಹತ್ತು, ನಡಿ.”

ಹೀಗೆ, ಭಾನು ಆಡಿದ ಒಂದು ಸುಳ್ಳಿಗೆ ಇಡೀ ತಂಡ ಮುಂದಿನ ಭಾನುವಾರ ಕುಣಿಗಲ್ ಹಾದಿ ಹಿಡಿಯಿತು.

ಹುತ್ರಿದುರ್ಗದ ಬುಡದಲ್ಲಿ, ಊರಿನಿಂದ ಬರುವ ದಾರಿ ಎರಡಾಗಿ ಒಡೆಯುತ್ತದೆ. ಒಂದು ಕೋಟೆಯ ಕಡೆಗೆ, ಇನ್ನೊಂದು ಹಾಲಿನ ಡೈರಿಯ ಕಡೆಗೆ. ಹಿಂದೆ ಬೆತ್ತಲೆ ಬಂಡೆ, ಮುಂದೆ ಕೆಮ್ಮಣ್ಣು. ಸಂಜೆಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಆ ಮೂರು ದಾರಿ ಕೂಡುವ ಜಾಗವೇ ದೊರೆಯ ಕೊನೆಯ ಕಾಳಗಕ್ಕೆ ಸರಿಯೆಂದು ಶಾಬಾಜ್ ಹಟ ಹಿಡಿದ.

ಸಿನಿಮಾದ ರಕ್ತ ಅವನದೇ ತಯಾರಿ. ಬಣ್ಣದ ಪುಡಿ ಕ್ಯಾಮೆರಾದಲ್ಲಿ ಗುಲಾಬಿಯಾಗಿ ಕಾಣುತ್ತಿತ್ತು. ಅರಿಶಿನಕ್ಕೆ ಸುಣ್ಣ ಕಲಸಿದರೆ ನಿಜವಾದ ರಕ್ತದ ಕೆಂಪು ಬರುತ್ತದೆಂದು ತೇಜಸ್ವಿನಿಯ ತಾಯಿ ಹೇಳಿಕೊಟ್ಟಿದ್ದರು. ಅಂಟಿಗೆ ಜೋನಿಬೆಲ್ಲ. ಕೈಗೆ ಹತ್ತಿದ ಕೆಂಪು ಹೋಗಲು ನಿಂಬೆಹಣ್ಣು ತಿಕ್ಕಬೇಕು, ತಿಕ್ಕಿದ ಕೂಡಲೇ ಹಳದಿಗೆ ತಿರುಗಿಬಿಡುತ್ತದೆ. ಶಾಬಾಜ್ ಬಕೆಟ್ಟು ಎತ್ತಿ ಮೂರು ದಾರಿಯ ನಡುವೆ ರಕ್ತ ಸುರಿದ. ಹುಡುಗರು ಕೈಗೆ ನಿಂಬೆಹಣ್ಣು ತಿಕ್ಕಿಕೊಂಡು, ಹೋಳುಗಳನ್ನು ಅಲ್ಲೇ ಬಿಸಾಡಿದರು.

ಕ್ಯಾಮೆರಾದೊಳಗೆ ಕಣ್ಣಿಟ್ಟಿದ್ದ ಭಾನುವಿಗೆ ಒಂದು ಗಳಿಗೆ ಏನೋ ಚುಚ್ಚಿದಂತಾಯಿತು. ಕೆಂಪು ನೀರು, ಹೆಚ್ಚಿದ ನಿಂಬೆಹಣ್ಣು, ಮೂರು ದಾರಿ. ಚಿಕ್ಕಂದಿನಲ್ಲಿ ಇಂಥದ್ದು ಕಂಡರೆ ಅವನು ಬೇಲಿ ನುಸುಳಿ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದ. ಆದರೆ ಬಿಸಿಲು ಇಳಿಯುತ್ತಿತ್ತು, ಚಿತ್ರ ಚೆನ್ನಾಗಿ ಬಂದಿತ್ತು. ಅವನು ಸುಮ್ಮನಾದ.

ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಹೆಂಗಸರು ಹಾಲಿನ ಕ್ಯಾನು ಹಿಡಿದು ಬಂದರು. ಬಂದವರು ಕೆಂಪು ನೀರಿನ ಅಂಚಿಗೆ ಬಂದು ಕಟ್ಟುಹಾಕಿದಂತೆ ನಿಂತುಬಿಟ್ಟರು. ಹಿಂದಿನಿಂದ ಬಂದವರೂ ನಿಂತರು. ಎರಡು ಕಡೆಯೂ ಮುಳ್ಳುಬೇಲಿ, ಸುತ್ತಿಕೊಂಡು ಹೋಗಲು ಜಾಗವಿರಲಿಲ್ಲ.

“ಅಯ್ಯಯ್ಯೋ, ಯಾರೋ ನಿವಾಳ್ಸಿ ಹಾಕವ್ರಲ್ಲೇ!”

“ನಿಂಬೆಹಣ್ಣು ನೋಡು, ಒಂದಾ ಎರಡಾ!”

“ಡೈರಿ ಮುಚ್ಚೋ ಹೊತ್ತಾಯ್ತು. ವ್ಯಾನ್ ಹೊಂಟೋಯ್ತದೆ, ಹಾಲೇನ್ ಮಾಡಣ?”

ದೃಷ್ಟಿ ತೆಗೆದ ನೀರನ್ನು ದಾಟಿದವರಿಗೆ ಆ ಪೀಡೆ ಅಂಟಿಕೊಳ್ಳುತ್ತದೆ. ಇದು ಸಿನಿಮಾದ್ದು ಎಂದು ತೇಜಸ್ವಿನಿ ಎಷ್ಟು ಹೇಳಿದರೂ ಯಾರೂ ಒಂದು ಹೆಜ್ಜೆ ಮುಂದಿಡಲಿಲ್ಲ. ಬೈಕಿನ ಮೇಲೆ ಕ್ಯಾನು ಕಟ್ಟಿಕೊಂಡು ಬಂದ ಒಬ್ಬ ಹುಡುಗ ಶಾಬಾಜ್‌ನ ಹೆಸರು ಕೇಳಿಸಿಕೊಂಡು ದನಿಯೆತ್ತಿದ. “ಗೊತ್ತಾಯ್ತು ಬುಡು. ಆ ಸಾಬರುಡ್ಗನ್ ಕೆಲ್ಸ ಇದು.”

ಭಾನು ಕ್ಯಾಮೆರಾದಿಂದ ಕಣ್ಣು ತೆಗೆದ. ಗುಬ್ಬಿಯ ಆಫೀಸಿನಲ್ಲಿ ಬಿಟ್ಟುಬಂದ ಟೋಪಿ ಇಲ್ಲಿಗೆ ನಡೆದುಕೊಂಡು ಬಂದಿತ್ತು.

ಗುಂಪಿನ ಮುಂದಿದ್ದ ಮುದುಕಿ ಹನುಮಂತಮ್ಮ ಆ ಹುಡುಗನ ಕಡೆ ತಿರುಗಿದಳು. “ನೀನ್ ಸುಮ್ಕಿರ್ಲಾ, ಹಾಲಿಗ್ ನೀರ್ ಹಾಕೋನೇ. ಅವನ್ಗೇನ್ ಗೊತ್ತು ನಮ್ ದೃಷ್ಟಿ ಗಿಷ್ಟಿ?” ಆಮೇಲೆ ಕ್ಯಾಮೆರಾದ ಕಡೆ ನೋಡಿದಳು. “ನಿಮ್ಮಲ್ಲಿ ದೊಡ್ಡೋನ್ ಯಾರು? ನೀನಾ? ಯಾವೂರ್ಲಾ ನಿಂದು?”

“ಊರ್ಡಿಗೆರೆ ಅಜ್ಜಿ.”

“ಊರ್ಡಿಗೆರೇಲಿ ದೃಷ್ಟಿ ತೆಗೆಯಲ್ವಾ?”

“ತೆಗೀತಾರೆ.”

“ಹಂಗಾರೆ ನಿಂಗ್ ಗೊತ್ತಿತ್ತು. ಗೊತ್ತಿದ್ದೂ ಬಾಯ್ ಮುಚ್ಕಂಡ್ ನಿಂತಿದ್ದೆ.”

ಭಾನು ಮತ್ತೆ ಕ್ಯಾಮೆರಾದ ಹಿಂದಕ್ಕೆ ಸರಿದ.

ಅಷ್ಟರಲ್ಲಿ ಶಾಬಾಜ್ ಬಂಡೆಯಿಂದ ಇಳಿದು ಬಂದ. ಬೂದಿ ಮುಖ, ಕೋರೆಹಲ್ಲು, ಎದೆಯ ಮೇಲೆ ತಗಡು. ಬೈಕಿನ ಹುಡುಗ ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ. ಶಾಬಾಜ್ ಕೆಂಪು ನೀರಿನ ನಡುವೆ ಮಂಡಿಯೂರಿ ಕೂತ.

“ನಾನೇ ಹಾಕಿದ್ದು ಅಜ್ಜಿ. ತಪ್ಪಾಯ್ತು, ಗೊತ್ತಿರ್ಲಿಲ್ಲ. ಇದು ರಕ್ತ, ಸಿನಿಮಾ ರಕ್ತ. ಅರಿಶ್ನ, ಸುಣ್ಣ, ಜೋನಿಬೆಲ್ಲ. ಬೇರೇನೂ ಇಲ್ಲ.” ಹಾಗೆಂದವನು ಬಕೆಟ್ಟಿನ ತಳದಲ್ಲಿ ಉಳಿದಿದ್ದನ್ನು ಬೊಗಸೆಗೆ ಸುರಿದುಕೊಂಡು, ಎಲ್ಲರೂ ನೋಡುತ್ತಿರುವಂತೆ ಗಟಗಟ ಕುಡಿದುಬಿಟ್ಟ.

“ಸುಣ್ಣ ಕಣೋ ಅದು! ಬಾಯಿ ಸುಟ್ಟೋಗುತ್ತೆ!” ತೇಜಸ್ವಿನಿ ಕಿರುಚಿದಳು.

“ದೊರೆಗೇನೂ ಆಗಲ್ಲ.” ಗದ್ದದಿಂದ ಎದೆಕವಚದ ಮೇಲೆ ಕೆಂಪು ಇಳಿಯುತ್ತಿತ್ತು. ಅವನು ತಲೆಯೆತ್ತಿ ಆ ಹುಡುಗನನ್ನೂ, ಆಮೇಲೆ ಎಲ್ಲರನ್ನೂ ನೋಡಿದ. “ಯಾರ್ ದೃಷ್ಟಿ ಇದ್ರೂ, ಯಾರ್ ಪೀಡೆ ಇದ್ರೂ ಈಗ್ ನನ್ ಹೊಟ್ಟೇಲೈತೆ. ಏನಾಗುತ್ತೋ ನಂಗಾಗ್ಲಿ. ನೀವ್ ದಾಟಿ.”

ಭಾನುವಿನ ಬೆರಳು ಯಾವಾಗ ಒತ್ತಿತ್ತೋ, ಕ್ಯಾಮೆರಾ ಓಡುತ್ತಿತ್ತು.

ಹನುಮಂತಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಕ್ಯಾನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕೆಂಪು ನೀರಿನೊಳಕ್ಕೆ ಕಾಲಿಟ್ಟಳು. ಅಂಚಿನಲ್ಲಿ ಅಲ್ಲ, ನಟ್ಟನಡುವೆ. ನೇರ ದೊರೆಯ ಮುಖಕ್ಕೆ ಎದುರಾಗಿ ನಡೆದು ಬಂದಳು. “ಹಲ್ ತೋರ್ಸಿ ಹೆದ್ರುಸ್ತೀಯೇನ್ಲಾ ನನ್ನ? ಅತ್ಲಾಗ್ ಸರಿ. ಹಾಲ್ ಕೆಡ್ತದೆ.”

ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಕೆಂಪಾದ ಪಾದಗಳು, ಕ್ಯಾನುಗಳ ಕಂಠದಲ್ಲಿ ಸಂಜೆಬಿಸಿಲು. ನಟನೆ ಅವನ ಮೈಯಲ್ಲೇ ಇತ್ತೇನೋ, ಶಾಬಾಜ್ ಎದ್ದು ನಿಂತು ಕೋರೆಹಲ್ಲು ತೆರೆದು ಗುರುಗುಟ್ಟಿದ. ಹೆಂಗಸರು ನಿಲ್ಲಲಿಲ್ಲ. ಅವನು ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು. ಬಂಡೆಗೆ ಬೆನ್ನು ತಗಲಿತು. ಇಡೀ ಲೋಕವನ್ನು ನುಂಗಿದ ದೊರೆಯ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ಅವರು ಅವನನ್ನು ಕೊಲ್ಲಲೂ ಇಲ್ಲ, ತಿರುಗಿಯೂ ನೋಡಲಿಲ್ಲ, ಹಾದುಹೋದರು. ತೇಜಸ್ವಿನಿ ಕಬ್ಬಿಣದ ಮೊನೆಯನ್ನು ನೆಲಕ್ಕೆ ಹಾಕಿ, ಯಾರದೋ ಕ್ಯಾನಿಗೆ ಕೈಹಾಕಿ ಅವರ ಜೊತೆ ನಡೆದಳು.

ಬೇರೆ ಕ್ಲೈಮಾಕ್ಸು ಬೇಕಿರಲಿಲ್ಲ.

ಭಾನು ಅದಕ್ಕೆ ಸಂಗೀತ ಹಾಕಲಿಲ್ಲ. ಹೆಜ್ಜೆಯ ಸದ್ದು, ಕ್ಯಾನಿನ ಹಿಡಿಕೆಯ ಸದ್ದು, ಅಷ್ಟನ್ನೇ ಉಳಿಸಿಕೊಂಡ. ಶಾಬಾಜ್‌ನ ಬಾಯಿ ಒಂದು ವಾರ ಊದಿಕೊಂಡಿತ್ತು, ಮಜ್ಜಿಗೆ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಊತ ಇಳಿದ ದಿನವೇ ಗುಬ್ಬಿಗೆ ಹೊರಡೋಣವೆಂದ. ಈ ಸಲ ಕೆಳಗೆ ಕಾಯುವುದಿಲ್ಲವೆಂದೂ ಹೇಳಿದ. ಭಾನು ಏನೇನೋ ನೆಪ ಹುಡುಕಿದ, ಯಾವುದೂ ನಡೆಯಲಿಲ್ಲ.

ಚನ್ನವೀರಯ್ಯ ಲ್ಯಾಪ್‌ಟಾಪಿನಲ್ಲಿ ಹೊಸ ಭಾಗ ನೋಡಿದ. “ಇದು ಬಾಳ ಚೆನ್ನಾಗಿದೆ ಕಣಯ್ಯ. ಮೈ ಜುಮ್ಮಂತು.”

“ಈಗ್ ಸರಿ ಹೋಯ್ತಾ ಸಾರ್?” ಶಾಬಾಜ್ ಕುರ್ಚಿಯ ತುದಿಗೆ ಬಂದಿದ್ದ. “ಮೊದಲ್ನೇದು ಸರಿ ಇಲ್ಲ ಅಂದ್ರಂತಲ್ಲ.”

ಚನ್ನವೀರಯ್ಯ ಹುಬ್ಬೇರಿಸಿದ. ಶಾಬಾಜ್‌ನನ್ನು ನೋಡಿದ, ಭಾನುವನ್ನು ನೋಡಿದ. ಅವನಿಗೆ ಅರ್ಥವಾಗತೊಡಗಿತ್ತು. “ಕ್ಲೈಮಾಕ್ಸಾ? ನಾನು ಹೇಳಿದ್ದು ಅದಲ್ಲವಲ್ಲಪ್ಪ. ಇವನು ನಿನಗೆ...”

ಭಾನು ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿದ.

“ನಿಮ್ ಟಾಕೀಸ್ ಬೇಡ ಸಾರ್ ನಮಗೆ.”

ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ಶಾಬಾಜ್ ಕೂಡ ಕೇಳಿರಲಿಲ್ಲ. ಭಾನುವಿಗೇ ತನ್ನ ದನಿ ಯಾರದೋ ಅನ್ನಿಸಿತು. ಆದರೆ ನಿಲ್ಲಿಸಲಿಲ್ಲ. “ಪಿಕ್ಚರ್ ನಾವ್ ಮಾಡಿದ ಹಾಗೇ ಇರುತ್ತೆ. ಒಂದು ಕೂದಲೂ ಆಚೀಚೆ ಆಗಲ್ಲ. ನೀವು ವಾರ ಓಡ್ಸಿ, ವರ್ಷ ಓಡ್ಸಿ, ನಮಗ್ ಬೇಡ.”

“ಏನಯ್ಯ ನಿನ್ನ ಜಂಬ? ಇನ್ಯಾರು ಹಾಕ್ತಾರೆ ನಿನ್ನ ಪಿಕ್ಚರ್ನ, ನಾನೂ ನೋಡ್ತೀನಿ.”

“ಯಾರೂ ಹಾಕ್ದೆ ಇದ್ರೆ ನಾವೇ ಹಾಕ್ಕೋತೀವಿ. ಬನ್ನಿ, ನೀವೂ ನೋಡಿ.”

ಅವನು ಶಾಬಾಜ್‌ನ ತೋಳು ಹಿಡಿದು ಎಳೆದುಕೊಂಡೇ ಮೆಟ್ಟಿಲಿಳಿದ. ಕೆಳಗೆ ಬಂದ ಮೇಲೆ ಶಾಬಾಜ್ ಕೈ ಕೊಡವಿಕೊಂಡ. “ಮೆಂಟ್ಲಾ ನಿಂಗೆ? ಚೆನ್ನಾಗಿದೆ ಅಂತಿದ್ನಲ್ಲೋ! ಸುಣ್ಣ ಕುಡಿದಿದ್ದು ನಾನು ಕಣೋ, ನೀನಲ್ಲ. ಏನೋ ಬದಲಾಯ್ಸು ಅಂದಿದ್ರೆ ಬದಲಾಯ್ಸಿದ್ರಾಗ್ತಿತ್ತು. ಅಷ್ಟ್ ದೊಡ್ ಪರ್ದೆ! ನಿನ್ ಎಂ.ಎ. ಸೊಕ್ಕಿಗೆ ಬೆಂಕಿ ಬೀಳ.”

ಒಂದು ಮಾತು ಆಡಿದ್ದರೆ ಸಾಕಿತ್ತು, ಎಲ್ಲ ತಿಳಿಯಾಗುತ್ತಿತ್ತು. ಭಾನು ಬೈಕಿನ ಹಿಂದೆ ಹತ್ತಿ ಕೂತ. ಶಾಬಾಜ್ ತುಮಕೂರಿನ ತನಕ ತಿರುಗಿ ನೋಡಲಿಲ್ಲ. ಆಮೇಲೆ ಫೋನು ಎತ್ತುವುದನ್ನೂ ಬಿಟ್ಟ.

ಮಾತು ಬಿಟ್ಟ ಗೆಳೆಯನನ್ನು ಮಾತಿನಿಂದ ಕರೆಯುವುದು ಭಾನುವಿಗೆ ಗೊತ್ತಿರಲಿಲ್ಲ. ಅವನು ನೇರವಾಗಿ ಸತ್ಯಮಂಗಲದ ಶೆಡ್ಡಿಗೆ ಹೋಗಿ ಶಾಬಾಜ್‌ನ ತಂದೆ ಅಜ್ಮತುಲ್ಲಾರ ಮುಂದೆ ನಿಂತ. ಭಾನುವಾರ ಸಂಜೆಗೆ ಶೆಡ್ಡು ಬೇಕು, ಸಿನಿಮಾ ತೋರಿಸಬೇಕು ಎಂದ. ಅವರು ಕನ್ನಡಕ ಮೇಲೆತ್ತಿ ಮಗನ ಬೆನ್ನನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿದರು. “ಭಾನುವಾರ ಮಷೀನ್ ಬಂದ್ ಇರ್ತದೆ ಬೇಟಾ. ಬೀಗದ್ ಕೈ ತಗೊಂಡ್ ಹೋಗು. ಇಬ್ರೂ ಮುಖ ಉಬ್ಬಿಸ್ಕೊಂಡ್ ನನ್ ಶೆಡ್ಡಲ್ಲಿ ನಿಲ್ಲಬೇಡಿ, ಅಷ್ಟೇ.”

ಪರದೆಗೆ ಭಾನು ಒಂದು ಹಳೆಯ ಫ್ಲೆಕ್ಸು ತಂದಿದ್ದ. ಯಾರೋ ಮುಖಂಡರ ಹುಟ್ಟುಹಬ್ಬದ್ದು, ಹಾರ ಹಾಕಿಕೊಂಡ ಮುಖಗಳ ಸಾಲು. ಅದನ್ನು ಮಗುಚಿ ಹಾಕಿದರೆ ಬೆಳ್ಳಗಿನ ಬೆನ್ನು. ಅವನು ಒಬ್ಬನೇ ಅದನ್ನು ಗೋಡೆಗೆ ಎತ್ತಲು ಹೆಣಗುತ್ತಿದ್ದಾಗ ಹಿಂದೆ ವೆಲ್ಡಿಂಗ್ ಸದ್ದು ಕೇಳಿಸಿತು. ಶಾಬಾಜ್ ಪೈಪುಗಳನ್ನು ಬೆಸೆದು ಚೌಕಟ್ಟು ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ಸೇರಿ ಫ್ಲೆಕ್ಸನ್ನು ಬಿಗಿದರು. ಶಾಬಾಜ್ ದೂರ ನಿಂತು ನೋಡಿದ.

“ಗುಬ್ಬಿದು ಇದಕ್ಕಿಂತ ದೊಡ್ದು.”

“ಒಂದ್ ಮೊಳ ದೊಡ್ಡದಿರ್ಬೇಕು.”

“ನಾಕ್ ಮೊಳ ಕಣೋ, ಸುಳ್ ನನ್ಮಗ್ನೆ.” ಅಷ್ಟರಲ್ಲಿ ಅವನ ತುಟಿ ನಗುವಿಗೆ ಓರೆಯಾಗಿತ್ತು.

ಭಾನುವಾರ ಸೂರ್ಯ ಮುಳುಗುವ ಹೊತ್ತಿಗೆ ಶೆಡ್ಡು ತುಂಬಿತು. ಹುತ್ರಿದುರ್ಗದಿಂದ ಹೆಂಗಸರು ಟೆಂಪೋ ಮಾಡಿಕೊಂಡು ಬಂದಿದ್ದರು, ಬೈಕಿನ ಹುಡುಗನೂ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಶಾಬಾಜ್‌ನ ತಾಯಿ ಖಮರುನ್ನೀಸಾ ಹನುಮಂತಮ್ಮನ ಪಕ್ಕ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದರು. ಚನ್ನವೀರಯ್ಯ ಬರಲಿಲ್ಲ. ಯಾರೂ ಅವನಿಗಾಗಿ ಕಾಯಲೂ ಇಲ್ಲ.

ಬಿಳಿ ಫ್ಲೆಕ್ಸಿನ ತುಂಬ ಶಾಬಾಜ್‌ನ ಮುಖ ಬಂತು. ಮೂಗು ನಿಜಕ್ಕೂ ಬಾಗಿಲಷ್ಟಿತ್ತು. ಬರಿತಲೆ, ಬೂದಿಬಣ್ಣ, ಯಾರ ಮನೆಯ ಗುರುತೂ ಇಲ್ಲದ ಭಯಂಕರ ಮುಖ. ಅವನು ಕೆಂಪು ನೀರು ಕುಡಿಯುವಾಗ ತಾಯಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. “ಯಾ ಅಲ್ಲಾ, ಇದಕ್ಕೇನಾ ವಾರವೆಲ್ಲ ಮಜ್ಜಿಗೆ ಮಜ್ಜಿಗೆ ಅಂದಿದ್ದು ಇವ್ನು!” ಹನುಮಂತಮ್ಮ ಪರದೆಯ ಮೇಲೆ ಕ್ಯಾನು ಹಿಡಿದು ನಡೆದು ಬಂದಾಗ ಶೆಡ್ಡಿನ ತಗಡು ಅದುರುವಂತೆ ಶಿಳ್ಳೆ ಬಿದ್ದವು. ಜೋರಾಗಿ ಹೊಡೆದವನು ಬಾಗಿಲಲ್ಲಿದ್ದ ಆ ಹುಡುಗನೇ. “ಅಷ್ಟ್ ಕಪ್ಪಗಿದ್ದೀನೇನ್ಲಾ ನಾನು?” ಎಂದು ಹನುಮಂತಮ್ಮ ಎಲ್ಲರನ್ನೂ ದಬಾಯಿಸಿದಳು. ಅಜ್ಮತುಲ್ಲಾ ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡರು, ಅಷ್ಟೇ.

ಪ್ರೊಜೆಕ್ಟರಿನ ಪಕ್ಕ ನಿಂತಿದ್ದ ಶಾಬಾಜ್ ಭಾನುವಿನ ಭುಜಕ್ಕೆ ಗುದ್ದಿದ. “ಆ ಮನುಷ್ಯ ಕ್ಲೈಮಾಕ್ಸ್ ಸರಿ ಇಲ್ಲ ಅಂದಿದ್ದೇ ಒಳ್ಳೇದಾಯ್ತು ಕಣೋ. ಇಲ್ಲಾಂದ್ರೆ ಇದು ಬರ್ತಾನೇ ಇರ್ಲಿಲ್ಲ. ಒಂದ್ಸಲ ಹೋಗಿ ಥ್ಯಾಂಕ್ಸ್ ಹೇಳ್ಬೇಕು ಅವ್ನಿಗೆ.”

“ಹ್ಞೂಂ,” ಎಂದ ಭಾನು.

ಆಮೇಲೆ ಆ ಸಿನಿಮಾ ಕುಣಿಗಲ್ಲಿನ ಊರೂರುಗಳಲ್ಲಿ, ಡೈರಿಗಳ ಮುಂದೆ, ಅದೇ ಫ್ಲೆಕ್ಸಿನ ಬೆನ್ನ ಮೇಲೆ ಓಡಿತು. ಗುಬ್ಬಿಯಲ್ಲೂ ಓಡಿತು, ಟಾಕೀಸಿನ ಎದುರಿನ ಬಯಲಲ್ಲಿ. ಶಾಬಾಜ್ ಎಷ್ಟೋ ಸಲ ಆ ದಿನದ ಜಗಳ ತೆಗೆದು ಭಾನುವಿನ ಸೊಕ್ಕನ್ನು ಆಡಿಕೊಂಡು ನಗುತ್ತಿದ್ದ, ಭಾನುವೂ ನಗುತ್ತಿದ್ದ. ಚನ್ನವೀರಯ್ಯ ಟೋಪಿ ತೊಡಿಸಲು ಕೇಳಿದ್ದನೆಂಬುದನ್ನು ಭಾನುಪ್ರಕಾಶ್ ಅವನಿಗೆ ಎಂದೂ ಹೇಳಲಿಲ್ಲ.